ಲಿವರಿಗೊಂದು ಏಕಾದಶಿ

ಬೊಜ್ಜಿನ ಆಪರೇಷನ್ ಮಾಡಿಸಿಕೊಳ್ಳುವುದೆಂದು ತೀರ್ಮಾನಿಸಿದ ದಿನ ನಾನು ಮಾಡಿದ ಮೊದಲ ಕೆಲಸ, ಗಾಂಧಿ ಬಜಾರಿಗೆ ಹೋಗಿ ಎರಡು ಮಸಾಲೆ ದೋಸೆ ತಿಂದದ್ದು.

ನಗಬೇಡಿ. ಗುಮಾಸ್ತನೊಬ್ಬ ನಿವೃತ್ತನಾದರೂ ಕಚೇರಿಯವರು ಶಾಲು ಹೊದಿಸಿ, ಹಾರ ಹಾಕಿ, ಮೈಸೂರು ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟು ಕಳಿಸುತ್ತಾರೆ. ನಲವತ್ತೊಂಬತ್ತು ವರ್ಷ ರಜೆ ಹಾಕದೆ, ಬಡ್ತಿ ಕೇಳದೆ, ಮದುವೆ ಮನೆಗಳಲ್ಲಿ ಒಂದೇ ಮಧ್ಯಾಹ್ನ ಎರಡು ಪಂಕ್ತಿಯ ಭಾರ ಹೊತ್ತ ನನ್ನ ಜಠರದ ಮುಕ್ಕಾಲು ಪಾಲು ಇನ್ನೇನು ಸೇವೆಯಿಂದ ಬಿಡುಗಡೆಯಾಗಲಿದೆ. ಅದನ್ನು ಬರಿಗೈಲಿ ಕಳಿಸುವಷ್ಟು ಕೃತಘ್ನ ನಾನಲ್ಲ. ಬೀಳ್ಕೊಡುಗೆ ಸಮಾರಂಭ ಹತ್ತು ದಿನ ನಡೆಯಿತು. ಉದ್ಘಾಟನೆ 1943ರಿಂದ ದೋಸೆ ಹುಯ್ಯುತ್ತಿರುವ ವಿದ್ಯಾರ್ಥಿ ಭವನದಲ್ಲಿ. ಮುಖ್ಯ ಅತಿಥಿಗಳಾಗಿ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರಿನ ಇಡ್ಲಿ, ವಡೆ ಮತ್ತು ಕೇಳಿದಷ್ಟು ಚಟ್ನಿ. ಸಾಂಸ್ಕೃತಿಕ ಕಾರ್ಯಕ್ರಮ ವಿ.ವಿ. ಪುರದ ತಿಂಡಿ ಬೀದಿಯಲ್ಲಿ, ಈ ತುದಿಯಿಂದ ಆ ತುದಿಯವರೆಗೆ. ವಂದನಾರ್ಪಣೆಯನ್ನು ಅಮ್ಮನ ಒಬ್ಬಟ್ಟು ನೆರವೇರಿಸಿತು.

ಹನ್ನೊಂದನೇ ದಿನ ಆಸ್ಪತ್ರೆಯ ತಕ್ಕಡಿ ಹತ್ತಿದರೆ 118 ಕಿಲೋ. ಸಮಾರಂಭಕ್ಕೆ ಮುಂಚೆ 115.2 ಇತ್ತು. ಡಯಟೀಷಿಯನ್ ಹುಡುಗಿ ಕನ್ನಡಕದ ಮೇಲಿಂದ ನೋಡಿದಳು. ‘ಎಲ್ರೂ ಹೀಗೇ ಮಾಡ್ತಾರೆ ಸರ್. ಆಪರೇಷನ್ ಅಂದ ತಕ್ಷಣ ಊರೆಲ್ಲಾ ತಿಂದ್ಕೊಂಡು ಬರ್ತಾರೆ. ನಿಮ್ಮ ಲಿವರ್ ಇನ್ನೂ ದಪ್ಪ ಆಗಿರತ್ತೆ.’

ಲಿವರ್? ಕತ್ತರಿಸುವುದು ಹೊಟ್ಟೆಯನ್ನು, ಬೈಸಿಕೊಳ್ಳುವುದು ಲಿವರಿಗಾಗಿ. ನನಗೆ ಅರ್ಥವಾಗಲಿಲ್ಲ.

ಅವಳು ಕಾಗದದ ಮೇಲೆ ಬರೆದು ತೋರಿಸಿದಳು. ಲಿವರಿನ ಎಡಭಾಗ ಜಠರದ ಮೇಲೆ ಹಾಸಿಕೊಂಡು ಮಲಗಿರುತ್ತದೆ, ಪಡಸಾಲೆಯ ಬಾಗಿಲಿಗೆ ಅಡ್ಡ ಮಲಗಿದ ಮನೆ ಯಜಮಾನನ ಹಾಗೆ. ಸರ್ಜನ್ ಸಣ್ಣ ತೂತುಗಳಲ್ಲಿ ಕೊಳವೆ ಹಾಕಿ ಒಳಗೆ ಹೋದಾಗ ಮೊದಲು ಈ ಯಜಮಾನನನ್ನು ಎತ್ತಿ ಹಿಡಿಯಬೇಕು. ಸಾಧಾರಣ ಮನುಷ್ಯನಲ್ಲಿ ಅದು ಒಂದೂವರೆ ಕಿಲೋ ಆಸುಪಾಸು. ನಮ್ಮಂಥವರಲ್ಲಿ ಕೊಬ್ಬು ತುಂಬಿ, ಊದಿ, ಜಾರುತ್ತಾ, ಮುಟ್ಟಿದರೆ ರಕ್ತ ಸುರಿಸುವಷ್ಟು ಸೂಕ್ಷ್ಮವಾಗಿರುತ್ತದೆ. ಅದು ಕುಗ್ಗಬೇಕು. ಕುಗ್ಗಿಸಲು ಮಾತ್ರೆ ಇಲ್ಲ, ಲೇಹ್ಯ ಇಲ್ಲ. ಎರಡು ವಾರ ದಿನಕ್ಕೆ 800 ಕ್ಯಾಲೊರಿ ದಾಟದ ಆಹಾರ, ಅಷ್ಟೇ. ಲಿವರ್ ತನ್ನೊಳಗೆ ಗ್ಲೈಕೋಜನ್ ಎಂಬ ಸಕ್ಕರೆಯ ಗಂಟು ಕಟ್ಟಿಟ್ಟುಕೊಂಡಿರುತ್ತದೆ. ಒಂದೊಂದು ಗ್ರಾಂ ಗಂಟಿಗೂ ಮೂರು ನಾಲ್ಕು ಗ್ರಾಂ ನೀರು ಅಂಟಿಕೊಂಡಿರುತ್ತದೆ. ಊಟ ನಿಂತಾಗ ಮೊದಲು ಗಂಟು ಬಿಚ್ಚುತ್ತದೆ, ನೀರು ಹೋಗುತ್ತದೆ, ಆಮೇಲೆ ಕೊಬ್ಬಿನ ಸರದಿ. 2006ರಲ್ಲಿ ಆಸ್ಟ್ರೇಲಿಯಾದವರು ಇಂಥವರನ್ನು 12 ವಾರ ಪಥ್ಯದಲ್ಲಿಟ್ಟು ಸ್ಕ್ಯಾನ್ ಮಾಡಿ ನೋಡಿದರು. ಲಿವರ್ ಕುಗ್ಗಿದ್ದರಲ್ಲಿ ಶೇ 80 ಭಾಗ ಮೊದಲ ಎರಡೇ ವಾರದಲ್ಲಿ ಕುಗ್ಗಿತ್ತು.

ಅಂದರೆ ಈ ಉಪವಾಸ ದೇವರಿಗಲ್ಲ, ನನಗೂ ಅಲ್ಲ. ಡಾಕ್ಟರ ಕೈ ಆಡಲು ಜಾಗ ಮಾಡಿಕೊಡುವುದಕ್ಕೆ. ಮನೆಗೆ ಪೇಂಟ್ ಹೊಡೆಯುವವರು ಬರುವ ಮುಂಚೆ ಬೀರು ಸರಿಸಿಡುತ್ತೇವಲ್ಲ, ಅಂಥದ್ದು.

ಕೊನೆಗೆ ಅವಳು ಒಂದು ಪುಟ್ಟ ಲೋಟ ಮೇಜಿನ ಮೇಲಿಟ್ಟಳು. ‘ಆಪರೇಷನ್ ಆದ್ಮೇಲೆ ನಿಮ್ಮ ಹೊಟ್ಟೇಲಿ ಹಿಡಿಯೋದು ಇಷ್ಟು ಸರ್. ನೂರು, ನೂರೈವತ್ತು ಎಂ.ಎಲ್.’ ನಾನು ಲೋಟವನ್ನೇ ನೋಡಿದೆ. ಗುರುತಿನ ಲೋಟ. ಬೈಟು ಕಾಫಿಯಲ್ಲಿ ನನ್ನ ಪಾಲಿಗೆ ಬರುತ್ತಿದ್ದದ್ದು ಹೆಚ್ಚುಕಡಿಮೆ ಅಷ್ಟೇ. ಬೆಂಗಳೂರಿನಲ್ಲಿ ಇಷ್ಟು ವರ್ಷ ಬೈಟು ಕುಡಿದು ದುಡ್ಡುಳಿಸಿದ್ದಕ್ಕೆ ದೇವರು ಕೊನೆಗೆ ಹೊಟ್ಟೆಯನ್ನೇ ಬೈಟು ಮಾಡಿದ.

ಅಲ್ಲಿಂದ ಕೆಳಗಿನ ಮಹಡಿಯ ವಿಮೆ ಕೌಂಟರಿಗೆ. ಬಿಎಂಐ ಎಂಬ ಲೆಕ್ಕ ನಿಮಗೆ ಗೊತ್ತಿರುತ್ತದೆ: ತೂಕದ ಕಿಲೋವನ್ನು ಎತ್ತರದ ಮೀಟರಿನ ವರ್ಗದಿಂದ ಭಾಗಿಸುವುದು. ಇದನ್ನು 1830ರ ದಶಕದಲ್ಲಿ ಹೊಸೆದವನು ಬೆಲ್ಜಿಯಂನ ಅಡಾಲ್ಫ್ ಕೆಟಲೆ. ವೃತ್ತಿಯಿಂದ ಖಗೋಳ ಶಾಸ್ತ್ರಜ್ಞ. ಗ್ರಹಗಳನ್ನು ಅಳೆಯುವವನೇ ನನ್ನನ್ನೂ ಅಳೆಯಬೇಕಾಗಿ ಬಂದದ್ದು ನ್ಯಾಯವಾಗಿಯೇ ಇದೆ. ನನ್ನ ಎತ್ತರ 1.70 ಮೀಟರ್. ಪಾಲಿಸಿ ಪುಸ್ತಕದಲ್ಲಿ, ಯಾವುದಕ್ಕೆಲ್ಲ ದುಡ್ಡು ಕೊಡುವುದಿಲ್ಲ ಎಂಬ ಉದ್ದನೆಯ ಪಟ್ಟಿಯ ನಡುವೆ, ಬೊಜ್ಜಿನ ಷರತ್ತು ಇತ್ತು. ಬಿಎಂಐ 40 ಆಗಿರಬೇಕು. ಇಲ್ಲವೇ 35 ಇದ್ದು ಜೊತೆಗೆ ಹೃದ್ರೋಗ, ತೀವ್ರ ಸ್ಲೀಪ್ ಆಪ್ನಿಯ ಅಥವಾ ಹತೋಟಿಗೆ ಬಾರದ ಸಕ್ಕರೆ ಕಾಯಿಲೆಯಂಥದ್ದು ಇರಬೇಕು. ನನಗೆ ಸಕ್ಕರೆ ಕಾಯಿಲೆ ಇದೆ. ಆದರೆ ಹತೋಟಿಯಲ್ಲಿದೆ. ಆರು ವರ್ಷದಿಂದ ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗಿದ ತಪ್ಪಿಗೆ ನಾನು ಆ ಬಾಗಿಲಿನಿಂದ ಹೊರಗೆ.

ಉಳಿದದ್ದು 40ರ ಬಾಗಿಲು. 1.70 ಮೀಟರಿನವನು ಅದನ್ನು ದಾಟಲು 115.6 ಕಿಲೋ ತೂಗಬೇಕು. ಬೀಳ್ಕೊಡುಗೆಗೆ ಮುಂಚಿನ ನಾನು, 115.2ರವನು, ವಿಮಾ ಕಂಪನಿಯ ದೃಷ್ಟಿಯಲ್ಲಿ ಸುಖವಾಗಿದ್ದ ಮನುಷ್ಯ. ಹತ್ತು ದಿನದ ದೋಸೆ, ವಡೆ, ಒಬ್ಬಟ್ಟುಗಳು ಸೇರಿ ನನ್ನನ್ನು ಅರ್ಹ ರೋಗಿಯನ್ನಾಗಿ ಮಾಡಿದ್ದವು. ಅಮ್ಮನ ಒಬ್ಬಟ್ಟಿನಿಂದ ಯಾರಿಗಾದರೂ ಲಕ್ಷಗಟ್ಟಲೆ ಲಾಭವಾದದ್ದು ನಮ್ಮ ವಂಶದಲ್ಲೇ ಮೊದಲು. ಕೌಂಟರಿನ ಹುಡುಗ ಅನುಭವಸ್ಥ. ತಗ್ಗಿದ ದನಿಯಲ್ಲಿ ಹೇಳಿದ: ‘ಸಾರ್, ವೇಟು ಇವತ್ತಿನ್ದೇ ಹಾಕ್ಬಿಡ್ತೀನಿ. ನಾಳೆಯಿಂದ ನಿಮ್ದು ಡಯಟ್ಟಲ್ವಾ, ಇಳ್ದೋಗ್ಬಿಡ್ತೀರ.’

ಈ 40, 35 ಎಂಬ ಗೆರೆ ಎಳೆದದ್ದು 1991ರಲ್ಲಿ, ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸಭೆಯೊಂದರಲ್ಲಿ, ಅಮೆರಿಕದ ಹೊಟ್ಟೆಗಳನ್ನು ನೋಡಿ. ನಮ್ಮ ಹೊಟ್ಟೆಯ ಹಣೆಬರಹ ಬೇರೆ. ಕಡಿಮೆ ತೂಕಕ್ಕೇ ಸಕ್ಕರೆ, ಬಿ.ಪಿ. ಹಿಡಿಯುತ್ತವೆ. ಹಾಗಾಗಿಯೇ 2022ರಲ್ಲಿ ಅಮೆರಿಕದ ಸರ್ಜನ್ನರ ಸಂಘವೂ ಅಂತರರಾಷ್ಟ್ರೀಯ ಒಕ್ಕೂಟವೂ ಸೇರಿ ಹಳೆಯ ಗೆರೆ ಅಳಿಸಿ, ಏಷ್ಯಾದವರಿಗೆ 27.5ರಿಂದಲೇ ಆಪರೇಷನ್ ಯೋಚಿಸಬಹುದು ಎಂದವು. ಡಾಕ್ಟರು ಬೆಲ್ಟಿನ ತೂತು ಬದಲಿಸಿದರು. ವಿಮೆ ಮಾತ್ರ ತೊಂಬತ್ತೊಂದರ ಪ್ಯಾಂಟಿನಲ್ಲೇ ಇದೆ.

ಚಾರ್ಟ್ ಮನೆಗೆ ಬಂತು. ಬೆಳಿಗ್ಗೆ ಕೆನೆ ತೆಗೆದ ಹಾಲಿಗೆ ಒಂದು ಸ್ಕೂಪ್ ಪ್ರೋಟೀನ್ ಪುಡಿ. ಹನ್ನೊಂದಕ್ಕೆ ನೀರು ಮಜ್ಜಿಗೆ. ಮಧ್ಯಾಹ್ನ ಮತ್ತೆ ಪುಡಿ, ಸೋಸಿದ ತರಕಾರಿ ಸೂಪು. ಸಂಜೆ ಬೇಳೆಕಟ್ಟು. ರಾತ್ರಿ ಮತ್ತೆ ಪುಡಿ. ನಡುನಡುವೆ ಎರಡು ಲೀಟರ್ ನೀರು, ಅದೂ ಗುಟುಕು ಗುಟುಕಾಗಿ. ಸಕ್ಕರೆ ಇಲ್ಲ, ಅನ್ನ ಇಲ್ಲ, ಸೋಡಾ ಇಲ್ಲ, ಸ್ಟ್ರಾ ಇಲ್ಲ. ಕಾಫಿಯ ಎದುರು ಅವಳು ಏನೂ ಬರೆದಿರಲಿಲ್ಲ. ಆಸೆಯಿಂದ ಫೋನ್ ಮಾಡಿ ಕೇಳಿದೆ. ಕೇಳಬಾರದಿತ್ತು.

ನಮ್ಮ ಮನೆ ಉಪವಾಸ ಕಾಣದ ಮನೆಯೇನಲ್ಲ. ಏಕಾದಶಿ ದಿನ ನಮ್ಮಲ್ಲಿ ಊಟ ಇಲ್ಲ, ಇರುವುದು ಫಲಾಹಾರ. ಫಲಾಹಾರ ಎಂದರೆ ಅವಲಕ್ಕಿ, ಸಬ್ಬಕ್ಕಿ ಕಿಚಡಿ, ಉಪ್ಪಿಟ್ಟು, ಬಾಳೆಹಣ್ಣಿನ ರಸಾಯನ, ಮತ್ತು ಪಾಪ ಉಪವಾಸ ಎಂದು ಒಂದು ಲೋಟ ಬಾದಾಮಿ ಹಾಲು. ಏಕಾದಶಿಯ ಮರುದಿನ ನಾನು ಯಾವಾಗಲೂ ಅರ್ಧ ಕಿಲೋ ಹೆಚ್ಚಿಗೆ ತೂಗುತ್ತಿದ್ದೆ. ಆದ್ದರಿಂದ ಚಾರ್ಟ್ ಓದಿದ ಅಮ್ಮನ ಮೊದಲ ಪ್ರಶ್ನೆ ಸಹಜವೇ: ‘ಇದೆಲ್ಲಾ ಸರಿ ಕಣೋ, ಫಲಾಹಾರ ಎಲ್ಲಿ ಬರ್ದಿದಾರೆ?’

ಬೇಳೆಕಟ್ಟಿನಲ್ಲಿ ಅಮ್ಮ ತನ್ನ ದಾರಿ ಕಂಡುಕೊಂಡಳು. ಮೂರನೇ ದಿನ ಸಂಜೆ ಕಟ್ಟಿನ ಮೇಲೆ ಸಣ್ಣ ಸಣ್ಣ ಬಂಗಾರದ ಕಣ್ಣುಗಳು ತೇಲುತ್ತಿದ್ದವು. ಇಂಗು, ಜೀರಿಗೆ, ಕರಿಬೇವು, ಒಂದು ಒಣಮೆಣಸಿನಕಾಯಿ. ವಾಸನೆಗೆ ಕಣ್ಣಲ್ಲಿ ನೀರು ಬಂತು.

‘ಅಮ್ಮ, ತುಪ್ಪ ಹಾಕಿದೀಯ?’

‘ತುಪ್ಪ ಎಲ್ಲೋ? ಒಗ್ಗರಣೆ ಅಷ್ಟೇ.’

‘ಒಗ್ಗರಣೆ ಯಾತರಲ್ಲಿ ಹಾಕ್ದೆ?’

‘ತುಪ್ಪದಲ್ಲಿ.’

ನನ್ನ ಹೆಂಡತಿ ಲೋಟ ಎತ್ತಿಕೊಂಡು ಹೋಗಿ ತಾನೇ ಕುಡಿದಳು. ಆ ಎರಡು ವಾರದಲ್ಲಿ ಅವಳ ತೂಕ ಎಷ್ಟು ಏರಿತೆಂದು ಬರೆಯುವ ಧೈರ್ಯ ನನಗಿಲ್ಲ. ಅದೇ ರಾತ್ರಿ ಅವಳು ಹಾಸಿಗೆಯಲ್ಲಿ ಆ ಕಡೆ ತಿರುಗಿ, ‘ರೀ, ನಿಮ್ಮ ಬಾಯಿ ನೇಲ್ ಪಾಲಿಶ್ ಒರೆಸೋ ನೀರಿನ ವಾಸನೆ ಬರ್ತಿದೆ’ ಎಂದಳು. ಸರಿಯಾಗಿಯೇ ಹೇಳಿದ್ದಳು. ದೇಹ ಕೊಬ್ಬನ್ನು ಉರಿಸತೊಡಗಿದಾಗ ಉಸಿರಿನಲ್ಲಿ ಬರುವುದೂ ಅಸಿಟೋನೇ. ಎರಡನೇ ದಿನದಿಂದ ಹಿಡಿದಿದ್ದ ತಲೆನೋವಿಗೆ ಸಿಕ್ಕ ಮೊದಲ ಸರ್ಟಿಫಿಕೇಟ್ ಅದು.

ನನ್ನ ಚಾರ್ಟ್ ಅಷ್ಟರಲ್ಲಿ ಕುಟುಂಬದ ವಾಟ್ಸ್ಆ್ಯಪ್ ಗುಂಪು ದಾಟಿ ಬೀದಿಗೆ ಇಳಿದಿತ್ತು. ಪಕ್ಕದ ಮನೆಯ ಯಜಮಾನರು, ಇನ್ಸುಲಿನ್ ತೆಗೆದುಕೊಳ್ಳುವವರು, ಯಾರಿಗೂ ಹೇಳದೆ ಶುರು ಮಾಡಿ ಎರಡನೇ ಮಧ್ಯಾಹ್ನ ಗೇಟಿನ ಹತ್ತಿರ ತಲೆಸುತ್ತಿ ಕೂತರು. ನನಗೆ ಡಾಕ್ಟರು ಮೊದಲೇ ಸಕ್ಕರೆ ಮಾತ್ರೆಗಳನ್ನು ಇಳಿಸಿದ್ದರು. ಊಟ ಕಾಲು ಭಾಗ ಆದಾಗ ಔಷಧ ಪೂರ್ತಿ ಇದ್ದರೆ ಸಕ್ಕರೆ ಪಾತಾಳಕ್ಕೆ ಹೋಗುತ್ತದೆ. ಅದು ಚಾರ್ಟಿನಲ್ಲಿ ಇರಲಿಲ್ಲ, ಬೇರೆ ಚೀಟಿಯಲ್ಲಿತ್ತು. ಚೀಟಿಯನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಇನ್ನು ಸಲಹೆಗಳು. ಜೀರಿಗೆ ಕಷಾಯ, ಸೋರೆಕಾಯಿ ರಸ, ಹುರುಳಿಕಟ್ಟು, ಬಿಸಿನೀರಿಗೆ ಜೇನು. 2025ರ ಮಾರ್ಚಿನಲ್ಲಿ ಮೌಂಜಾರೋ ಎಂಬ ತೂಕ ಇಳಿಸುವ ಇಂಜೆಕ್ಷನ್ ಭಾರತಕ್ಕೆ ಬಂದಮೇಲೆ ಷಡ್ಡಕನೂ ಎಂಡೋಕ್ರಿನಾಲಜಿಸ್ಟ್ ಆಗಿದ್ದಾನೆ: ‘ಕೊಯ್ಸ್ಕೊಳೋದ್ ಯಾಕೆ ಭಾವ, ವಾರಕ್ಕೊಂದು ಚುಚ್ಕೊಂಡ್ರೆ ಆಯ್ತಲ್ಲ.’ ಇನ್ನೊಬ್ಬರಿಗೆ ಧೈರ್ಯ ಕೊಡಲು ನಿತಿನ್ ಗಡ್ಕರಿ ಬೇಕಾದರು. 2011ರಲ್ಲಿ ಅವರೂ ಮಾಡಿಸಿಕೊಂಡರಲ್ಲ, ಆಮೇಲೆ ಎಷ್ಟು ಹೈವೇ ಆಯಿತು ನೋಡಿ! ಜಠರಕ್ಕೂ ಟೋಲಿಗೂ ಇರುವ ಸಂಬಂಧ ನನಗೆ ಇನ್ನೂ ಹೊಳೆದಿಲ್ಲ.

ಪಾರ್ಕಿನ ಅಂಕಲ್ ಒಬ್ಬರಿದ್ದಾರೆ. ದಿನಾ ಮೂರು ಸುತ್ತು ನಡೆದು, ನಾಲ್ಕನೇ ಸುತ್ತನ್ನು ಎದುರಿನ ದರ್ಶಿನಿಯಲ್ಲಿ ಖಾರಾಬಾತ್ ಮುಂದೆ ನಿಂತು ಮುಗಿಸುವವರು. ಅವರು ನನ್ನ ಶೇಕರನ್ನು ನೋಡಿ, ‘ಶಾರ್ಟ್‌ಕಟ್ ಹಿಡಿದ್ರಿ ಅನ್ನಿ’ ಎಂದರು. ಆ ಹೊತ್ತಿಗೆ ನಾನು ಅಗಿಯದೆ ಎಂಟು ದಿನವಾಗಿತ್ತು. ಮುಂದೆ ಜೀವಮಾನವಿಡೀ ವಿಟಮಿನ್ ಮಾತ್ರೆ, ತುತ್ತಿಗೆ ಇಪ್ಪತ್ತೈದು ಸಲ ಅಗಿತ, ಊಟದ ಜೊತೆ ನೀರಿಗೆ ನಿಷೇಧ. ಇಷ್ಟು ಉದ್ದದ ಶಾರ್ಟ್‌ಕಟ್ಟನ್ನು ನಮ್ಮ ಪಾಲಿಕೆಯವರು ಕೂಡ ಹಾಕಿಲ್ಲ. ಅಂಕಲ್ ಬಿಡಲಿಲ್ಲ. ‘ಹದಿನಾಲ್ಕು ದಿನ ಹೀಗಿರೋಕೆ ಆಗತ್ತೆ ಅಂದ್ರೆ, ಹೀಗೇ ಇದ್ಬಿಟ್ರೆ ಆಪರೇಷನ್ನೇ ಬೇಡವಲ್ರೀ?’

ಜಾಣ ಪ್ರಶ್ನೆ. ಒಂದು ನಿಮಿಷ ಉಸಿರು ಹಿಡಿದು ನೀರಲ್ಲಿ ಮುಳುಗಿದವನಿಗೆ, ಹಾಗೇ ಇದ್ದುಬಿಡಿ, ಮನೆ ಬಾಡಿಗೆ ಉಳಿಯುತ್ತೆ ಎಂದ ಹಾಗೆ. 1999ರಲ್ಲಿ ಜಪಾನಿನವರು ಗ್ರೆಲಿನ್ ಎಂಬ ಹಸಿವಿನ ಹಾರ್ಮೋನು ಕಂಡುಹಿಡಿದರು. ಅದು ಬಹುಪಾಲು ಹುಟ್ಟುವುದು ಜಠರದಲ್ಲೇ, ಅದರಲ್ಲೂ ಮೇಲ್ಭಾಗದ ಉಬ್ಬಿನಲ್ಲಿ. ಪಥ್ಯ ಮಾಡಿ ತೂಕ ಇಳಿಸಿದವರಲ್ಲಿ ಅದು ಏರುತ್ತದೆಂದು ಮೂರು ವರ್ಷ ಬಿಟ್ಟು ಗೊತ್ತಾಯಿತು. ನೀವು ಇಳಿದಷ್ಟೂ ದೇಹ ‘ಬರಗಾಲ ಬಂತು’ ಎಂದು ಡಂಗುರ ಹೊಡೆಸುತ್ತದೆ. ನನಗೆ ಮಾಡಲಿರುವ ಸ್ಲೀವ್ ಆಪರೇಷನ್ನಿನಲ್ಲಿ ಕತ್ತರಿಸಿ ಹೊರಗೆ ತೆಗೆಯುವುದು ಆ ಡಂಗುರದವನ ಮನೆ ಇರುವ ಭಾಗವನ್ನೇ. ಇದನ್ನೆಲ್ಲ ಹೇಳೋಣವೆಂದುಕೊಂಡೆ. ಅಂಕಲ್‌ಗೆ ಖಾರಾಬಾತ್ ಟೋಕನ್ ಕರೆದರು.

ಒಂಬತ್ತನೇ ದಿನ ಕೆಂಗೇರಿ ಕಡೆ ಸೋದರತ್ತೆ ಮಗನ ಗೃಹಪ್ರವೇಶ. ಹೋಗದಿದ್ದರೆ ಬಾಂಧವ್ಯ ಕೆಡುತ್ತದೆ, ಹೋದರೆ ಲಿವರ್ ಕೆಡುತ್ತದೆ. ಶೇಕರ್ ಹಿಡಿದು ಹೋದೆ. ಮೂಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹುಡುಕಿಕೊಂಡು ಕೂತಿದ್ದವನನ್ನು ಅತ್ತೆ ರಟ್ಟೆ ಹಿಡಿದು ಎಬ್ಬಿಸಿ ಪಂಕ್ತಿಗೆ ತಂದು ಕೂರಿಸಿದರು.

‘ಅತ್ತೆ, ನಾನು ಊಟ ಮಾಡೋ ಹಾಗಿಲ್ಲ.’

‘ಮಾಡ್ಬೇಡ ಕಣಪ್ಪ. ಯಾರು ಬಲವಂತ ಮಾಡಿದ್ರು? ಎಲೆ ಮುಂದೆ ಕೂತ್ಕೋ, ಅಷ್ಟೇ.’

ಎಲೆ ಹಾಕಿದರು. ಖಾಲಿ ಎಲೆ ಮುಂದೆ ಕೂರಬಾರದು ಎಂದು ಉಪ್ಪು ಬಂತು. ಬರೀ ಉಪ್ಪು ಅಶುಭ ಎಂದು ಕೋಸಂಬರಿ ಬಂತು. ಕೋಸಂಬರಿ ಏನು ಊಟವೇ? ತೊವ್ವೆ ಬಂತು, ಬೇಳೆಕಟ್ಟು ಬರೆದಿದ್ದಾರಂತಲ್ಲ, ಇದು ಅದರ ಅಣ್ಣ. ಅಷ್ಟರಲ್ಲಿ ಬಾದಾಮಿ ಪಾಯಸದ ಸೌಟು ನನ್ನ ಎಲೆಯ ಮೇಲೆ ನಿಂತಿತು. ನಾನು ಎರಡೂ ಕೈ ಅಡ್ಡ ಹಿಡಿದೆ.

‘ದ್ರವಾಹಾರ ಅಂತ ತಾನೇ ಡಾಕ್ಟರು ಹೇಳಿರೋದು?’ ಎಂದರು ಅತ್ತೆ. ‘ಪಾಯಸ ಏನು ಗಟ್ಟಿಯೇನೋ?’

ವೈದ್ಯಶಾಸ್ತ್ರ ಇದಕ್ಕೆ ಉತ್ತರ ಕೊಡಲಾರದು. ನಾನು ಶೇಕರ್ ಅಲ್ಲಾಡಿಸಿದೆ. ವೆನಿಲ್ಲಾ ವಾಸನೆಯ ಬೂದು ನೊರೆ ಎದ್ದಿತು. ಪಕ್ಕದಲ್ಲಿ ಕೂತಿದ್ದ ಹುಡುಗ ಅದನ್ನೂ ನನ್ನ ಮುಖವನ್ನೂ ನೋಡಿ ತನ್ನ ಜಿಲೇಬಿಯನ್ನು ಎಲೆಯ ಆ ತುದಿಗೆ ಸರಿಸಿಕೊಂಡ. ಕೈ ತೊಳೆಯುವ ಜಾಗದಲ್ಲಿ ಅದೇ ಅತ್ತೆ ಇನ್ನೊಬ್ಬರಿಗೆ ಹೇಳುತ್ತಿದ್ದದ್ದು ಕೇಳಿಸಿತು: ‘ಬಾಯಿ ಕಟ್ಟಿದ್ರೆ ಈ ಗತಿ ಬರ್ತಿತ್ತಾ? ಚಿಕ್ಕ ವಯಸ್ಸಿಂದ್ಲೂ ಹಾಕಿದ್ದೆಲ್ಲಾ ತಿನ್ನೋನು.’ ಹಾಕಿದ್ದು ಯಾರು ಎಂದು ಯಾರೂ ಕೇಳಲಿಲ್ಲ. ನಮ್ಮಲ್ಲಿ ಬಡಿಸುವುದು ಪುಣ್ಯದ ಖಾತೆಗೆ ಜಮೆಯಾಗುತ್ತದೆ, ತಿನ್ನುವುದು ತಿಂದವನ ಖಾತೆಗೆ ಖರ್ಚು.

ಇದಕ್ಕಿಂತ ಕಷ್ಟದ್ದು ಒಂದು ಮಾತಿದೆ: ಊಟ ಆಯ್ತಾ? ಹಾಲಿನವನು ಕೇಳುತ್ತಾನೆ, ಆಟೋದವನು ಕೇಳುತ್ತಾನೆ, ಸಾಲ ವಸೂಲಿಗೆ ಬಂದವನೂ ಮೊದಲು ಅದನ್ನೇ ಕೇಳುತ್ತಾನೆ. ಅದಕ್ಕೆ ಉತ್ತರ ಒಂದೇ, ಆಯ್ತು. ಇಲ್ಲ ಎಂದರೆ ಕೇಳಿದವನು ತಟ್ಟೆ ಹಾಕಬೇಕಾಗುತ್ತದೆ. ನಾನು ಐದನೇ ದಿನ ಒಮ್ಮೆ ಸತ್ಯ ಹೇಳಿ ನೋಡಿದೆ. ಅಪಾರ್ಟ್‌ಮೆಂಟಿನ ಕೆಳಮಹಡಿಯವರು ಹತ್ತು ನಿಮಿಷದಲ್ಲಿ ಚಿತ್ರಾನ್ನ ತಂದುಕೊಟ್ಟರು. ಮತ್ತೆಂದೂ ಸತ್ಯ ಹೇಳಲಿಲ್ಲ.

ಹದಿನಾಲ್ಕನೇ ದಿನ ಆಸ್ಪತ್ರೆಗೆ ಸೇರಿದಾಗ ತಕ್ಕಡಿ 112.6 ಎಂದಿತು. ಡಯಟೀಷಿಯನ್ ಹುಡುಗಿ ಚಪ್ಪಾಳೆ ತಟ್ಟಿದಳು. ಸರ್ಜನ್ ಬೆನ್ನು ತಟ್ಟಿದರು. ಒಂದು ಗಂಟೆ ಬಿಟ್ಟು ವಿಮಾ ಕಂಪನಿಯಿಂದ ಕ್ವೆರಿ ಬಂತು. ಅರ್ಜಿಯಲ್ಲಿ 118 ಇದೆ, ದಾಖಲಾಗುವಾಗ 112.6 ಇದೆ, ಬಿಎಂಐ 38.96. ಎರಡು ವಾರದಲ್ಲಿ ಐದು ಕಿಲೋ ಪಥ್ಯದಿಂದಲೇ ಇಳಿದಿರುವಾಗ ಶಸ್ತ್ರಚಿಕಿತ್ಸೆಯ ಅಗತ್ಯವೇನು ಎಂದು ವಿವರಿಸುವುದು.

ಪಾರ್ಕಿನ ಅಂಕಲ್ ಅಲ್ಲೂ ಒಂದು ಕೆಲಸ ಹಿಡಿದಿದ್ದಾರೆಂದು ನನಗೆ ಗೊತ್ತಿರಲಿಲ್ಲ. ಅಮೆರಿಕದಲ್ಲಿ ಇದರದೇ ಇನ್ನೊಂದು ರೂಪ ಇದೆ. ಅಲ್ಲಿ ಕೆಲವು ಕಂಪನಿಗಳು ಮೂರರಿಂದ ಆರು ತಿಂಗಳು ಪಥ್ಯ ಮಾಡಿ ತೋರಿಸಿದರೇನೇ ದುಡ್ಡು ಎನ್ನುತ್ತವೆ. ಇದಕ್ಕೆ ವಿಜ್ಞಾನದ ಆಧಾರವಿಲ್ಲ, ರೋಗಿಗಳು ಬೇಸತ್ತು ಕೈಬಿಡುತ್ತಾರೆ ಅಷ್ಟೇ ಎಂದು ಅಲ್ಲಿನ ಬೊಜ್ಜು ಸರ್ಜನ್ನರ ಸಂಘ 2016ರಲ್ಲೇ ಖಡಾಖಂಡಿತವಾಗಿ ಹೇಳಿತು. ಅಲ್ಲಿಯವನು ಇಳಿಯದಿದ್ದರೆ ದುಡ್ಡಿಲ್ಲ, ಇಲ್ಲಿಯವನು ಇಳಿದರೆ ದುಡ್ಡಿಲ್ಲ. ಲಿವರ್ ಕುಗ್ಗಿಸುವ ಎರಡು ವಾರ ಎರಡೂ ಕಡೆಯ ಫೈಲಿನಲ್ಲಿ ಯಾವ ಕಾಲಮ್ಮಿಗೂ ಸೇರುವುದಿಲ್ಲ. ನಮ್ಮ ಸರ್ಜನ್ ಸಂಜೆ ಆರರವರೆಗೆ ಕೂತು ಪತ್ರ ಬರೆದರು: ಇಳಿದದ್ದು ಲಿವರಿನ ಸಲುವಾಗಿ, ಇಳಿಸಿದ್ದು ನಾವೇ, ದಯವಿಟ್ಟು ಆತನ ಮೇಲೆ ಆರೋಗ್ಯದ ಆರೋಪ ಹೊರಿಸಬೇಡಿ. ಭಾಷೆ ಸ್ವಲ್ಪ ಬೇರೆ ಇತ್ತು, ಅರ್ಥ ಇದೇ. ಎಂಟು ಗಂಟೆಗೆ ಒಪ್ಪಿಗೆ ಬಂತು.

ರಾತ್ರಿ ನರ್ಸು ಮಂಚದ ತಲೆಗೆ ಒಂದು ಬೋರ್ಡು ತೂಗುಹಾಕಿ ಹೋದಳು: ಬಾಯಿಗೆ ಏನೂ ಕೊಡಬಾರದು. ಹದಿನಾಲ್ಕು ದಿನ ನಾನು ಹೇಳಿ ಹೇಳಿ ಸೋತದ್ದನ್ನು ಒಂದು ರಟ್ಟಿನ ತುಂಡು ಎಷ್ಟು ಸಲೀಸಾಗಿ ಹೇಳಿತು. ಅದನ್ನು ಕೆಂಗೇರಿಗೆ ಕುತ್ತಿಗೆಗೆ ಹಾಕಿಕೊಂಡು ಹೋಗಬೇಕಿತ್ತು. ಅಮ್ಮ ಆ ಬೋರ್ಡನ್ನು ಎರಡು ಸಲ ಓದಿ, ಚೀಲದಲ್ಲಿದ್ದ ಸ್ಟೀಲ್ ಡಬ್ಬಿಯನ್ನು ಕಾಲಿನಿಂದ ಮೆಲ್ಲಗೆ ಮಂಚದ ಕೆಳಕ್ಕೆ ತಳ್ಳಿದಳು. ನಾನು ನೋಡಲಿಲ್ಲವೆಂದುಕೊಂಡಿದ್ದಾಳೆ. ಕೊಬ್ಬರಿ ಮಿಠಾಯಿ. ವಾಸನೆ ನನಗೆ ಬಾಗಿಲಲ್ಲೇ ಸಿಕ್ಕಿತ್ತು.

ನಿದ್ದೆ ಬರಲಿಲ್ಲ. ಹನ್ನೊಂದು ಗಂಟೆಗೆ ಕಾರಿಡಾರಿನಲ್ಲಿ ನಾಲ್ಕು ಹೆಜ್ಜೆ ಹಾಕಿದೆ. ಲಿಫ್ಟಿನ ಪಕ್ಕ ಸ್ಟೂಲಿನ ಮೇಲೆ ಕೂತಿದ್ದ ಸೆಕ್ಯೂರಿಟಿಯವನು ನನ್ನನ್ನು ನೋಡಿ ಎದ್ದು ನಿಂತು, ಹಸಿರು ಆಸ್ಪತ್ರೆ ಅಂಗಿಯನ್ನೂ ಕೈಯಲ್ಲಿ ಚುಚ್ಚಿದ್ದ ಸೂಜಿಯನ್ನೂ ಗಮನಿಸದೆ, ತುಂಬಾ ಪ್ರೀತಿಯಿಂದ ಕೇಳಿದ:

‘ಊಟ ಆಯ್ತಾ ಸಾರ್?’

‘ಆಯ್ತು,’ ಎಂದೆ. ‘ನಿಮ್ದು?’